ಎರವಲು ಬಲ: ಸಣ್ಣ ಎಲೆ ಗೆಲ್ಲುವ ಗಣಿತ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಊರುಗಳಲ್ಲಿ, ಹಳೇ ಮೈಸೂರು ಸೀಮೆಯ ಇತರ ಹಳ್ಳಿಗಳಲ್ಲಿರುವಂತೆಯೇ, ಯುಗಾದಿಯೂ ಅದರ ಮರುದಿನದ ವರ್ಷತೊಡಕೂ ಒಬ್ಬಟ್ಟು ಮತ್ತು ಬಾಡೂಟದ ದಿನಗಳಾಗಿರುವಷ್ಟೇ ಇಸ್ಪೀಟಿನ ದಿನಗಳೂ ಆಗಿವೆ. ಆ ದಿನಗಳಲ್ಲಿ ಅರಳಿಕಟ್ಟೆಯ ಮೇಲೂ ತೋಟದ ನೆರಳಿನಲ್ಲೂ ನಡೆಯುವ ಮೂರೆಲೆ ಆಟವಾಗಲಿ, ಅದರ ದೂರದ ನೆಂಟನಾದ ಪೋಕರ್ ಆಗಲಿ, ನೋಡುವವರ ಮುಂದೆ ಒಂದೇ ಒಗಟನ್ನು ಇಡುತ್ತದೆ: ಎಲ್ಲರಿಗೂ ಎಲೆ ಬೀಳುವುದು ಅದೃಷ್ಟದಿಂದ ಎಂದಾದ ಮೇಲೆ, ಕೈಯಲ್ಲಿ ಏನೂ ಇಲ್ಲದವನು ಹಣ ಬಾಚಿಕೊಳ್ಳುವುದು ಹೇಗೆ? ಗಟ್ಟಿ ಗುಂಡಿಗೆ, ಎದುರಾಳಿಯ ಮುಖ ಓದುವ ಜಾಣ್ಮೆ ಎಂಬ ಉತ್ತರಗಳು ಕಟ್ಟೆಯ ಮೇಲೆ ಸಿದ್ಧವಾಗಿಯೇ ಇರುತ್ತವೆ. ಕಳೆದ ನೂರು ವರ್ಷಗಳಲ್ಲಿ ಗಣಿತಜ್ಞರು ಕಂಡುಕೊಂಡ ಉತ್ತರ ಬೇರೆಯದು. ಸಣ್ಣ ಎಲೆಗೆ ಸ್ವಂತದ ಬಲವಿಲ್ಲ, ಅದು ದೊಡ್ಡ ಎಲೆಯ ಹೆಸರಿನಲ್ಲಿ ಬಲವನ್ನು ಎರವಲು ತರುತ್ತದೆ, ಮತ್ತು ಎಷ್ಟು ಎರವಲು ತರಬಹುದು ಎಂಬುದಕ್ಕೆ ಖಚಿತವಾದ ಅಳತೆಯಿದೆ ಎಂಬುದೇ ಈ ಅಧ್ಯಾಯದ ತಿರುಳು.

ಮೂರು ಬಗೆಯ ಆಟ

ಈ ಅಳತೆಯನ್ನು ತಿಳಿಯುವ ಮುನ್ನ, ಎಂಥ ಆಟದಲ್ಲಿ ಅದಕ್ಕೆ ಎಡೆಯಿದೆ ಎಂಬುದನ್ನು ನೋಡಬೇಕು. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂದಿಗೂ ಕಾಣಸಿಗುವ ಆಡುಹುಲಿ ಆಟದ ಗೆರೆಗಳ ಮೇಲೆ ಹುಲಿಯೆಷ್ಟು, ಆಡೆಷ್ಟು, ಯಾವುದು ಎಲ್ಲಿದೆ ಎಂಬುದೆಲ್ಲ ಇಬ್ಬರಿಗೂ ಕಾಣುತ್ತದೆ. ಅಲ್ಲಿ ಅದೃಷ್ಟವೂ ಇಲ್ಲ, ಗುಟ್ಟೂ ಇಲ್ಲ. ಚೌಕಾಬಾರದಲ್ಲಿ ಕವಡೆ ಉರುಳುವುದರಿಂದ ಅದೃಷ್ಟ ಬಂದು ಸೇರುತ್ತದೆಯಾದರೂ, ಬಿದ್ದ ಕವಡೆ ಎಲ್ಲರ ಕಣ್ಣೆದುರಿಗೇ ಇರುವುದರಿಂದ ಮುಚ್ಚಿಡುವಂಥದ್ದು ಏನೂ ಉಳಿಯುವುದಿಲ್ಲ. ಇಸ್ಪೀಟಿನಲ್ಲಿ ಮಾತ್ರ ಎಲೆಯ ಬೆನ್ನು ಎಲ್ಲರಿಗೂ ಒಂದೇ ತೆರನಾಗಿ ಕಂಡು, ಅದರ ಮುಖ ಹಿಡಿದವನಿಗಷ್ಟೇ ಕಾಣುತ್ತದೆ. ಇಂಥವನ್ನು ಗಣಿತಜ್ಞರು ಅಪೂರ್ಣ ಮಾಹಿತಿಯ ಆಟಗಳು ಎನ್ನುತ್ತಾರೆ, ಅಂದರೆ ಪ್ರತಿಯೊಬ್ಬ ಆಟಗಾರನಿಗೂ ಚಿತ್ರದ ಒಂದು ಭಾಗವಷ್ಟೇ ಗೊತ್ತಿರುವ ಆಟಗಳು.

ಆದರೆ ಎಲೆಯಿದ್ದ ಮಾತ್ರಕ್ಕೆ ಎರವಲು ಬಲ ಸಿಗುವುದಿಲ್ಲ. ಕರ್ನಾಟಕದಲ್ಲಿ ಬಹಳ ಪ್ರಚಲಿತವಾಗಿರುವ ಅಂದರ್ ಬಾಹರ್ ಆಟದಲ್ಲಿ ಒಂದು ಎಲೆಯನ್ನು ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಒಳಗೆ ಬೀಳುವುದೋ ಹೊರಗೆ ಬೀಳುವುದೋ ಎಂಬುದರ ಮೇಲೆ ಪಣ ಕಟ್ಟಲಾಗುತ್ತದೆ. ಮೊದಲ ಎಲೆ ಯಾವ ಕಡೆಗೆ ಬೀಳುತ್ತದೆಯೋ ಆ ಕಡೆ ಗೆಲ್ಲುವ ಸಾಧ್ಯತೆ ಶೇ. 51.5ರಷ್ಟಿರುತ್ತದೆ, ಪಣ ಕಟ್ಟಿದ ಮೇಲೆ ಆಟಗಾರ ಮಾಡಬಹುದಾದದ್ದು ಏನೂ ಇಲ್ಲವಾದ್ದರಿಂದ ಆ ಆಟದಲ್ಲಿ ಜಾಣತನಕ್ಕೆ ಕೆಲಸವೇ ಇಲ್ಲ. ಎಲೆ ಗುಟ್ಟಾಗಿರಬೇಕು, ಪಣವನ್ನು ಏರಿಸುವ ಹಕ್ಕಿರಬೇಕು, ಎದುರಾಳಿಗೆ ಎಲೆ ಬಿಟ್ಟು ಹಿಂದೆ ಸರಿಯುವ ದಾರಿಯಿರಬೇಕು. ಈ ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಸಣ್ಣ ಎಲೆಗೆ ಅವಕಾಶ ಹುಟ್ಟುತ್ತದೆ. ಮೂರೆಲೆಯಲ್ಲೂ ಪೋಕರ್‌ನಲ್ಲೂ ಈ ಮೂರೂ ಇವೆ.

ಸಣ್ಣ ಎಲೆಯೇ ಸಾಮಾನ್ಯ

52 ಎಲೆಗಳ ಒಂದು ಕಟ್ಟಿನಿಂದ ಮೂರು ಎಲೆಗಳನ್ನು 22,100 ವಿಧಗಳಲ್ಲಿ ಆಯ್ದುಕೊಳ್ಳಬಹುದು. ಇವುಗಳಲ್ಲಿ ಮೂರೂ ಒಂದೇ ಅಂಕಿಯಾಗಿರುವ ಜೋಡಣೆಗಳು 52, ಒಂದೇ ಬಣ್ಣದಲ್ಲಿ, ಅಂದರೆ ಆಟೀನಿನಂಥ ಒಂದೇ ಗುರುತಿನಲ್ಲಿ, ಸಾಲಾಗಿ ಬರುವವು 48, ಬಣ್ಣ ಬೇರೆಯಾದರೂ ಸಾಲಾಗಿರುವವು 720, ಸಾಲಾಗಿರದಿದ್ದರೂ ಒಂದೇ ಬಣ್ಣದವು 1,096, ಜೋಡಿ ಇರುವವು 3,744. ಉಳಿದ 16,440 ಜೋಡಣೆಗಳಲ್ಲಿ ಜೋಡಿಯೂ ಇಲ್ಲ, ಸಾಲೂ ಇಲ್ಲ, ಬಣ್ಣವೂ ಇಲ್ಲ; ಅವು ಇರುವುದರಲ್ಲಿ ದೊಡ್ಡದಾದ ಒಂದು ಎಲೆಯ ಬಲದ ಮೇಲಷ್ಟೇ ನಿಂತಿರುತ್ತವೆ. ಅಂದರೆ ಹಂಚಿದ ನಾಲ್ಕು ಕೈಗಳಲ್ಲಿ ಹೆಚ್ಚುಕಡಿಮೆ ಮೂರು ಕೈಗಳು ಬರಿಗೈ. ಐದು ಎಲೆಗಳ ಪೋಕರ್‌ನಲ್ಲಿ ಒಟ್ಟು ಜೋಡಣೆಗಳು 25,98,960 ಆಗಿದ್ದು, ಅವುಗಳಲ್ಲಿ 13,02,540, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು, ಇದೇ ಗುಂಪಿಗೆ ಸೇರುತ್ತವೆ.

ಈ ಲೆಕ್ಕದಿಂದ ಎರಡು ಮಾತುಗಳು ಹೊರಡುತ್ತವೆ. ಒಳ್ಳೆಯ ಎಲೆ ಬಂದಾಗ ಮಾತ್ರ ಆಡುತ್ತೇನೆ ಎಂದು ಕುಳಿತವನು ಬಹುಪಾಲು ಸುತ್ತುಗಳಲ್ಲಿ ಆರಂಭದ ಪಣವನ್ನು ಸುಮ್ಮನೆ ತೆರುತ್ತಾನೆ, ಮತ್ತು ಅವನು ಪಣ ಏರಿಸಿದ ದಿನ ಉಳಿದವರೆಲ್ಲ ವಿಷಯ ಅರಿತು ಎಲೆ ಬಿಡುವುದರಿಂದ ಅವನ ಒಳ್ಳೆಯ ಎಲೆಗೂ ಬೆಲೆ ಸಿಗುವುದಿಲ್ಲ. ಇನ್ನೊಂದು ಕಡೆ, ಎದುರಾಳಿಯ ಕೈಯೂ ಬಹುಪಾಲು ಸಲ ಬರಿಗೈಯೇ ಆಗಿರುತ್ತದೆಯಾದ್ದರಿಂದ, ಗೆಲುವು ಅನೇಕ ಸಲ ಎರಡು ಬರಿಗೈಗಳಲ್ಲಿ ಯಾವುದು ಮೊದಲು ಹಿಂದೆ ಸರಿಯುತ್ತದೆ ಎಂಬುದರ ಮೇಲೆ ತೀರ್ಮಾನವಾಗುತ್ತದೆ.

ಹುಸಿಪಣದ ಬೆಲೆ

ಎಲ್ಲರೂ ಕಟ್ಟಿದ ಹಣ ನಡುವೆ ಸೇರಿ ಆಗುವ ರಾಶಿಯನ್ನು ಪೋಕರ್‌ನಲ್ಲಿ ಪಾಟ್ ಎನ್ನುತ್ತಾರೆ. ಗೆಲ್ಲುವ ಎಲೆ ಇಲ್ಲದಿದ್ದರೂ ಇದೆಯೆಂಬಂತೆ ಕಟ್ಟುವ ಪಣವನ್ನು ಬ್ಲಫ್ ಎಂದು ಕರೆಯುತ್ತಾರೆ, ಇಲ್ಲಿ ಅದನ್ನು ಹುಸಿಪಣ ಎನ್ನೋಣ. ಪಾಟ್‌ನಲ್ಲಿ 100 ರೂಪಾಯಿ ಇದ್ದು, ಬರಿಗೈಯವನೊಬ್ಬ 50 ರೂಪಾಯಿಯ ಹುಸಿಪಣ ಕಟ್ಟುತ್ತಾನೆ ಎಂದಿಟ್ಟುಕೊಂಡರೆ, ಎದುರಾಳಿ ಎಲೆ ಬಿಟ್ಟಾಗ ಅವನಿಗೆ 100 ಬರುತ್ತದೆ, ಎದುರಾಳಿ ಅಷ್ಟೇ ಹಣವಿಟ್ಟು ಪಣವನ್ನು ಸರಿಗಟ್ಟಿದಾಗ 50 ಹೋಗುತ್ತದೆ. ಮೂರು ಸಲದಲ್ಲಿ ಒಂದು ಸಲ ಎದುರಾಳಿ ಹಿಂದೆ ಸರಿದರೂ ಒಂದು ಸಲದ 100 ಲಾಭ ಎರಡು ಸಲದ 50ರ ನಷ್ಟಕ್ಕೆ ಸಮನಾಗುವುದರಿಂದ ಲೆಕ್ಕ ಸರಿಹೋಗುತ್ತದೆ. ಪಣವನ್ನು 100ಕ್ಕೆ ಏರಿಸಿದರೆ ಎರಡು ಸಲಕ್ಕೆ ಒಂದು ಸಲ ಹಿಂದೆ ಸರಿಯಬೇಕಾಗುತ್ತದೆ. ಒಟ್ಟಿನಲ್ಲಿ, ಕಟ್ಟುವ ಪಣವನ್ನು ಪಾಟ್ ಮತ್ತು ಪಣಗಳ ಮೊತ್ತದಿಂದ ಭಾಗಿಸಿದಾಗ ಬರುವ ಭಿನ್ನರಾಶಿಗಿಂತ ಹೆಚ್ಚು ಸಲ ಹುಸಿಪಣ ಫಲಿಸಿದರೆ ಮಾತ್ರ ಅದು ಲಾಭ. ಹುಸಿಪಣ ಬಹುಪಾಲು ಸಲ ಸೋತೂ ಲಾಭದಾಯಕವಾಗಿರಬಲ್ಲದು ಎಂಬುದು ಈ ಸಣ್ಣ ಲೆಕ್ಕ ಕಲಿಸುವ ಮೊದಲ ಪಾಠ.

ಇದೇ ಲೆಕ್ಕವನ್ನು ಎದುರು ಬದಿಯಿಂದ ನೋಡಿದಾಗ ಎರವಲಿನ ಮಿತಿ ತಿಳಿಯುತ್ತದೆ. 50 ರೂಪಾಯಿಯ ಪಣವನ್ನು ಸರಿಗಟ್ಟಬೇಕಾದವನು, ಆಗಲೇ ನಡುವೆ ಬಿದ್ದಿರುವ 150ನ್ನು ಗೆಲ್ಲಲು 50ನ್ನು ಒಡ್ಡುತ್ತಾನೆ. ನಾಲ್ಕು ಸಲಕ್ಕೆ ಒಂದು ಸಲ ಎದುರಿನ ಪಣ ಹುಸಿಯಾಗಿದ್ದರೂ ಅವನಿಗೆ ನಷ್ಟವಿಲ್ಲ. ಆದ್ದರಿಂದ ಪಣ ಕಟ್ಟುವವನು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಹುಸಿಯಾಡಿದರೆ ಎದುರಾಳಿ ಯಾವಾಗಲೂ ಸರಿಗಟ್ಟಿ ಗೆಲ್ಲುತ್ತಾನೆ. ಅದಕ್ಕಿಂತ ಕಡಿಮೆ ಹುಸಿಯಾಡಿದರೆ ಎದುರಾಳಿ ಯಾವಾಗಲೂ ಎಲೆ ಬಿಟ್ಟು ಹಣ ಉಳಿಸಿಕೊಳ್ಳುತ್ತಾನೆ. ಮೂರು ನಿಜಪಣಕ್ಕೆ ಒಂದು ಹುಸಿಪಣ ಎಂಬ ಈ ಪ್ರಮಾಣದಲ್ಲಿ ಎದುರಾಳಿ ಏನು ಮಾಡಿದರೂ ಫಲ ಒಂದೇ ಆಗುತ್ತದೆ. ಹೀಗೆ ಯಾರೊಬ್ಬರೂ ತಮ್ಮ ನಡೆಯನ್ನು ಬದಲಿಸಿ ಹೆಚ್ಚಿನದನ್ನು ಪಡೆಯಲಾಗದ ಸ್ಥಿತಿಗೆ ಸಮತೋಲ ಎಂದು ಹೆಸರು. ಸಣ್ಣ ಎಲೆಯ ಒಂದು ಹುಸಿಪಣದ ಹಿಂದೆ ದೊಡ್ಡ ಎಲೆಯ ಮೂರು ನಿಜಪಣಗಳು ಜಾಮೀನು ನಿಂತಿರುತ್ತವೆ ಎಂಬುದೇ ಈ ಪ್ರಮಾಣದ ಅರ್ಥ.

ರಾಜ, ರಾಣಿ, ಗುಲಾಮ

ಪೂರ್ಣ ಪ್ರಮಾಣದ ಪೋಕರ್ ಬಹಳ ತೊಡಕಿನದಾದ್ದರಿಂದ, ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಮೂರೇ ಎಲೆಗಳ ಒಂದು ಪುಟ್ಟ ಆಟವನ್ನು ರೂಪಿಸಿ ಅದನ್ನು ಪೂರ್ತಿಯಾಗಿ ಬಿಡಿಸಿದರು. ಕಟ್ಟಿನಲ್ಲಿ ರಾಜ, ರಾಣಿ, ಗುಲಾಮ ಎಂಬ ಮೂರು ಎಲೆಗಳಷ್ಟೇ ಇರುತ್ತವೆ. ಇಬ್ಬರು ಆಟಗಾರರು ತಲಾ ಒಂದು ರೂಪಾಯಿ ಇಟ್ಟು ಒಂದೊಂದು ಎಲೆ ಪಡೆಯುತ್ತಾರೆ, ಮೂರನೆಯ ಎಲೆ ಮುಚ್ಚಿಯೇ ಇರುತ್ತದೆ. ಮೊದಲನೆಯವನು ಇನ್ನೊಂದು ರೂಪಾಯಿ ಪಣ ಕಟ್ಟಬಹುದು ಅಥವಾ ಕಟ್ಟದೆ ಸರದಿ ಬಿಡಬಹುದು. ಅವನು ಬಿಟ್ಟರೆ ಎರಡನೆಯವನಿಗೂ ಅದೇ ಆಯ್ಕೆ. ಪಣ ಬಿದ್ದಾಗ ಎದುರಿನವನು ಸರಿಗಟ್ಟಬೇಕು ಇಲ್ಲವೇ ಎಲೆ ಬಿಡಬೇಕು. ಕೊನೆಗೆ ಎಲೆ ತೋರಿಸಬೇಕಾಗಿ ಬಂದರೆ ದೊಡ್ಡ ಎಲೆಯವನು ಗೆಲ್ಲುತ್ತಾನೆ.

ಮೊದಲನೆಯವನು ಸರದಿ ಬಿಟ್ಟಿದ್ದು, ಎರಡನೆಯವನ ಕೈಯಲ್ಲಿ ಗುಲಾಮನಿದ್ದಾನೆ ಎಂದುಕೊಂಡರೆ, ಎಲೆ ತೋರಿಸಿದರೆ ಗುಲಾಮನಿಗೆ ಸೋಲು ಖಚಿತ. ಗೆಲ್ಲಲು ಇರುವ ಒಂದೇ ದಾರಿ ಹುಸಿಪಣ. ಕೂನ್ ಅವರ ಉತ್ತರದ ಪ್ರಕಾರ ಎರಡನೆಯವನು ಗುಲಾಮ ಬಂದಾಗ ಮೂರು ಸಲಕ್ಕೆ ಒಂದು ಸಲ ಹುಸಿಪಣ ಕಟ್ಟಬೇಕು, ರಾಜ ಬಂದಾಗ ಪ್ರತಿ ಸಲವೂ ಪಣ ಕಟ್ಟಬೇಕು. ಈಗ ಮೊದಲನೆಯವನು ರಾಣಿಯನ್ನು ಹಿಡಿದು ಎದುರಿನ ಪಣವನ್ನು ನೋಡುತ್ತಿದ್ದಾನೆ. ಎದುರಿಗಿರುವುದು ರಾಜನೋ ಗುಲಾಮನೋ ಎಂಬುದಕ್ಕೆ ಮೊದಲಿಗೆ ಸಮಾನ ಸಾಧ್ಯತೆ ಇತ್ತು, ಆದರೆ ರಾಜ ಯಾವಾಗಲೂ ಪಣ ಕಟ್ಟುತ್ತಾನೆ, ಗುಲಾಮ ಮೂರಕ್ಕೊಂದು ಸಲ ಮಾತ್ರ; ಆದ್ದರಿಂದ ಬಿದ್ದ ನಾಲ್ಕು ಪಣಗಳಲ್ಲಿ ಮೂರು ರಾಜನವು, ಒಂದು ಗುಲಾಮನದು. ನಡುವೆ ಬಿದ್ದಿರುವ ಮೂರು ರೂಪಾಯಿಗಾಗಿ ಒಂದು ರೂಪಾಯಿ ಒಡ್ಡಬೇಕಾದ ರಾಣಿಗೆ ಸರಿಗಟ್ಟಿದರೂ ಬಿಟ್ಟರೂ ಒಂದೇ. ಹಿಂದಿನ ಭಾಗದಲ್ಲಿ ಕಂಡ ನಾಲ್ಕಕ್ಕೊಂದರ ಪ್ರಮಾಣವೇ ಇಲ್ಲಿ ಮೂರು ಎಲೆಗಳ ನಡುವೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಈ ಪುಟ್ಟ ಆಟದಲ್ಲಿ ಇನ್ನೂ ಆಳವಾದ ಒಂದು ಮಾತಿದೆ. ಹುಸಿಪಣಕ್ಕೆ ತಕ್ಕ ಎಲೆ ಗುಲಾಮ, ರಾಣಿಯಲ್ಲ. ರಾಣಿ ಹಿಡಿದು ಪಣ ಕಟ್ಟಿದರೆ ಗುಲಾಮ ಹಿಡಿದವನು ಹೇಗೂ ಎಲೆ ಬಿಡುತ್ತಾನೆ, ರಾಜ ಹಿಡಿದವನು ಹೇಗೂ ಸರಿಗಟ್ಟುತ್ತಾನೆ. ಅಂದರೆ ಸೋಲಬೇಕಾದವನು ಹೆಚ್ಚು ಕೊಡುವುದಿಲ್ಲ, ಗೆಲ್ಲಬೇಕಾದವನು ಹಿಂದೆ ಸರಿಯುವುದಿಲ್ಲ. ರಾಣಿಗೆ ಪಣವಿಲ್ಲದೆ ಎಲೆ ತೋರಿಸುವುದರಲ್ಲೇ ಗೆಲುವಿನ ಸಾಧ್ಯತೆ ಇದೆಯಾದ್ದರಿಂದ ಅದನ್ನು ಕಾಪಾಡಿಕೊಳ್ಳುವುದೇ ಲೇಸು. ಕಾಪಾಡಿಕೊಳ್ಳಲು ಏನೂ ಇಲ್ಲದ ಗುಲಾಮನಿಗೆ ಮಾತ್ರ ಹುಸಿಪಣದಿಂದ ಕಳೆದುಕೊಳ್ಳುವುದು ಕಡಿಮೆ, ಪಡೆಯುವುದು ಹೆಚ್ಚು. ನಡುವಣ ಎಲೆ ಬಂದಾಗ ಆವೇಶದಿಂದ ಪಣ ಏರಿಸಿ, ಅತಿ ಸಣ್ಣ ಎಲೆ ಬಂದಾಗ ತಲೆ ತಗ್ಗಿಸಿ ಹಿಂದೆ ಸರಿಯುವ ಸಾಮಾನ್ಯ ಅಭ್ಯಾಸ ಗಣಿತದ ದೃಷ್ಟಿಯಲ್ಲಿ ತಲೆಕೆಳಗಾದದ್ದು.

ಅವಕಾಶವನ್ನು ಗುರುತಿಸುವ ಬಗೆ

ಪ್ರಮಾಣ ತಿಳಿದ ಮೇಲೆ, ಯಾವ ಸುತ್ತಿನಲ್ಲಿ ಎರವಲು ಬಲವನ್ನು ಬಳಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಮೂರು ಗುರುತುಗಳಿವೆ. ಮೊದಲನೆಯದು ಕೂತ ಜಾಗ. ಕೊನೆಯಲ್ಲಿ ಸರದಿ ಬರುವವನು ಉಳಿದವರು ಏನು ಮಾಡಿದರೆಂಬುದನ್ನು ನೋಡಿಯೇ ನಿರ್ಧರಿಸುತ್ತಾನೆ. ಕೂನ್ ಅವರ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೂ ಮೊದಲನೆಯವನು ಸರಾಸರಿ 18 ಸುತ್ತಿಗೆ ಒಂದು ರೂಪಾಯಿ ಕಳೆದುಕೊಳ್ಳುವುದಕ್ಕೆ ಈ ತಿಳಿವಳಿಕೆಯ ಅಂತರವೇ ಕಾರಣ. ಎರಡನೆಯದು ಎದುರಾಳಿಗಳ ಸಂಖ್ಯೆ. ಪ್ರತಿಯೊಬ್ಬನೂ ಎರಡಕ್ಕೊಂದು ಸಲ ಎಲೆ ಬಿಡುವವನೆಂದಿಟ್ಟುಕೊಂಡರೆ, ಒಬ್ಬನ ಎದುರು ಹುಸಿಪಣ ಎರಡಕ್ಕೊಂದು ಸಲ ಫಲಿಸುತ್ತದೆ, ಇಬ್ಬರ ಎದುರು ನಾಲ್ಕಕ್ಕೊಂದು ಸಲ, ಮೂವರ ಎದುರು ಎಂಟಕ್ಕೊಂದು ಸಲ ಮಾತ್ರ. ತುಂಬಿದ ಕಟ್ಟೆಯಲ್ಲಿ ಹುಸಿಯಾಡುವುದು ಈ ಕಾರಣಕ್ಕೆ ಅವಿವೇಕ.

ಮೂರನೆಯದೂ ಹೆಚ್ಚು ಫಲ ಕೊಡುವುದೂ ಆದ ಬಗೆಯನ್ನು ಅಮೆರಿಕದ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್ಸ್ಕಿ ಗುರುತಿಸಿ ಹೆಸರಿಟ್ಟರು. ಅದನ್ನು ಅರೆಹುಸಿ ಎನ್ನಬಹುದು. ಈಗ ಹೆಚ್ಚು ಆಡಲಾಗುವ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ ಸಿಕ್ಕಿ, ಎಲ್ಲರಿಗೂ ಸೇರಿದ ಐದು ಎಲೆಗಳು ನಡುವೆ ಹಂತಹಂತವಾಗಿ ತೆರೆದುಕೊಳ್ಳುತ್ತವೆ. ಮೂರು ಎಲೆ ತೆರೆದಾಗ ಒಬ್ಬನ ಬಳಿ ಕೈಯಲ್ಲಿರುವ ಎರಡೂ ಸೇರಿ ನಾಲ್ಕು ಆಟೀನು ಎಲೆಗಳಾಗಿವೆ ಎಂದುಕೊಂಡರೆ, ಇನ್ನೊಂದು ಆಟೀನು ಬಂದರೆ ಅವನ ಕೈ ಬಲವಾಗುತ್ತದೆ, ಬರದಿದ್ದರೆ ಬರಿಗೈ. ಅವನಿಗೆ ಕಾಣದ 47 ಎಲೆಗಳಲ್ಲಿ ಆಟೀನು 9 ಉಳಿದಿದ್ದು, ಮುಂದಿನ ಎರಡು ಎಲೆಗಳಲ್ಲಿ ಒಂದಾದರೂ ಅದಾಗುವ ಸಾಧ್ಯತೆ ಸುಮಾರು ಶೇ. 35. ಪಾಟ್‌ನಲ್ಲಿ 100 ಇದ್ದು, ಮುಂದೆ ಬೇರೆ ಪಣವಿಲ್ಲವೆಂದೂ ಆಟೀನು ಬಂದರೆ ಗೆಲುವು ಖಚಿತವೆಂದೂ ಸರಳಗೊಳಿಸಿಕೊಂಡರೆ, ಪಣ ಕಟ್ಟದೆ ಕಾದರೆ ಅವನ ಪಾಲಿನ ನಿರೀಕ್ಷಿತ ಮೌಲ್ಯ, ಅಂದರೆ ಅನೇಕ ಸುತ್ತುಗಳ ಸರಾಸರಿ ಗಳಿಕೆ, 35. 50 ಕಟ್ಟಿ ಎದುರಾಳಿ ಸರಿಗಟ್ಟಿದರೆ 200ರಲ್ಲಿ ಶೇ. 35, ಅಂದರೆ 70 ಬಂದು, ಕಟ್ಟಿದ 50 ಕಳೆದು 20 ಉಳಿಯುತ್ತದೆ. ಎದುರಾಳಿ ಎಲೆ ಬಿಟ್ಟರೆ ಇಡೀ 100 ಸಿಗುತ್ತದೆ. ಹೀಗಾಗಿ ಎದುರಾಳಿ ನೂರರಲ್ಲಿ 19 ಸಲ ಹಿಂದೆ ಸರಿದರೂ ಪಣ ಕಟ್ಟುವುದೇ ಕಾಯುವುದಕ್ಕಿಂತ ಮೇಲು. ಬರಿಯ ಹುಸಿಪಣಕ್ಕಾದರೆ ನೂರರಲ್ಲಿ 33ಕ್ಕಿಂತ ಹೆಚ್ಚು ಸಲ ಬೇಕಿತ್ತು. ಇಂದು ಬಲಹೀನವಾಗಿದ್ದರೂ ನಾಳೆ ಬಲಿಯಬಲ್ಲ ಎಲೆ ಪೂರ್ತಿ ಎರವಲು ಕೇಳುವುದಿಲ್ಲ, ಅರ್ಧ ಬಂಡವಾಳವನ್ನು ತಾನೇ ಹಾಕುತ್ತದೆ.

ಕರಿಬೇವಿನ ಗಿಡದ ಮೇಲಿನ ಹುಸಿಪಣ

ಈ ಗಣಿತ ಎಲೆಯಾಟಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಹಿತ್ತಲ ಕರಿಬೇವಿನ ಗಿಡದಲ್ಲೇ ಸಾಕ್ಷಿಯಿದೆ. ಕರಿಬೇವು ಮತ್ತು ನಿಂಬೆ ಜಾತಿಯ ಗಿಡಗಳ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಗಂಡು ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆಗಳ ಪಟ್ಟಿಯನ್ನು ಹೊತ್ತಿರುತ್ತದೆ. ಹೆಣ್ಣಿಗೆ ಮಾತ್ರ ಮೂರು ರೂಪಗಳಿದ್ದು, ಒಂದು ಗಂಡನ್ನೇ ಹೋಲುತ್ತದೆ, ಇನ್ನೆರಡು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂಬ ಬೇರೆಯೇ ಚಿಟ್ಟೆಗಳನ್ನು ಹೋಲುತ್ತವೆ. ಕೆಂಪು ಚುಕ್ಕೆಯ ಈ ರೋಸ್ ಚಿಟ್ಟೆಗಳು ಮರಿಯಾಗಿದ್ದಾಗ ಈಶ್ವರಬಳ್ಳಿಯ ಜಾತಿಯ ಸಸ್ಯಗಳನ್ನು ತಿಂದು ಅವುಗಳ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅಂಥದ್ದರ ತಂಟೆಗೆ ಹೋಗುವುದಿಲ್ಲ. ವಿಷವಿಲ್ಲದ ಮಾರ್ಮನ್ ಹೆಣ್ಣು ಆ ವೇಷ ತೊಟ್ಟು ಹಾರುತ್ತದೆ. ಅದು ರಾಜನ ಹೆಸರಿನಲ್ಲಿ ಗುಲಾಮ ಕಟ್ಟುವ ಪಣ.

ಇಂಥ ಅನುಕರಣೆಯನ್ನು ಬ್ರಿಟಿಷ್ ನಿಸರ್ಗತಜ್ಞ ಹೆನ್ರಿ ವಾಲ್ಟರ್ ಬೇಟ್ಸ್ 1862ರಲ್ಲಿ ಅಮೆಜಾನ್ ಕಾಡಿನ ಚಿಟ್ಟೆಗಳ ಆಧಾರದ ಮೇಲೆ ವಿವರಿಸಿದರು. ಮಾರ್ಮನ್ ಹೆಣ್ಣಿನ ಈ ವೇಷಗಳನ್ನು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ನಿಯಂತ್ರಿಸುತ್ತದೆ ಎಂಬುದನ್ನು 2014ರಲ್ಲಿ ಪ್ರಕಟಿಸಿದ ತಂಡದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಇದ್ದರು. ಎಲೆಯಾಟದ ದೃಷ್ಟಿಯಿಂದ ಇಲ್ಲಿ ಮುಖ್ಯವಾದದ್ದು ಪ್ರಮಾಣದ ನಿಯಮ. ವೇಷಧಾರಿಗಳು ವಿರಳವಾಗಿರುವವರೆಗೆ ಹಕ್ಕಿಗೆ ಸಿಗುವ ಬಹುಪಾಲು ಕೆಂಪು ಚುಕ್ಕೆಯ ಚಿಟ್ಟೆಗಳು ನಿಜವಾಗಿ ವಿಷದವೇ ಆಗಿರುತ್ತವೆ, ಆದ್ದರಿಂದ ಹಕ್ಕಿ ದೂರವಿರುತ್ತದೆ. ವೇಷಧಾರಿಗಳು ಹೆಚ್ಚಾದಂತೆ ಹಕ್ಕಿ ರುಚಿ ನೋಡಲು ಧೈರ್ಯ ಮಾಡುತ್ತದೆ, ಮತ್ತು ವೇಷದ ಬೆಲೆ ಕುಸಿಯುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಬೆಲೆ ಇಳಿಯುವ ಈ ಬಗೆಯ ಆಯ್ಕೆಯನ್ನು ಜೀವವಿಜ್ಞಾನಿಗಳು ಆವೃತ್ತಿ ಅವಲಂಬಿ ಆಯ್ಕೆ ಎನ್ನುತ್ತಾರೆ. ಹಕ್ಕಿಗೆ ಭಾಗಾಕಾರ ಬರುವುದಿಲ್ಲ, ಚಿಟ್ಟೆಗೆ ಧೈರ್ಯವೆಂಬುದಿಲ್ಲ. ಆದರೂ ಹುಸಿಯ ಆಯಸ್ಸನ್ನು ನಿಜದ ಸಂಖ್ಯೆಯೇ ಅಲ್ಲೂ ನಿರ್ಧರಿಸುತ್ತದೆ.

ಮುಖವಿಲ್ಲದ ಆಟಗಾರ

ಹುಸಿಪಣವನ್ನು ಮನಸ್ಸಿನ ಚಮತ್ಕಾರದಿಂದ ಬಿಡಿಸಿ ಗಣಿತಕ್ಕೆ ತಂದವರಲ್ಲಿ ಫ್ರಾನ್ಸಿನ ಎಮಿಲ್ ಬೊರೆಲ್ ಮೊದಲಿಗರು. 1928ರಲ್ಲಿ ಜಾನ್ ವಾನ್ ನಾಯ್ಮನ್ ಇಬ್ಬರ ಶೂನ್ಯ ಮೊತ್ತದ ಆಟಗಳಿಗೆ, ಅಂದರೆ ಒಬ್ಬನ ಗಳಿಕೆ ಇನ್ನೊಬ್ಬನ ನಷ್ಟಕ್ಕೆ ಸರಿಸಮನಾಗಿರುವ ಆಟಗಳಿಗೆ, ಸಮತೋಲ ಇದ್ದೇ ಇರುತ್ತದೆ ಎಂದು ಸಾಧಿಸಿದರು, ಮತ್ತು 1944ರಲ್ಲಿ ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರೊಡನೆ ಬರೆದ ಗ್ರಂಥದಲ್ಲಿ ಪೋಕರ್‌ಗೆ ಒಂದು ದೊಡ್ಡ ಭಾಗವನ್ನೇ ಮೀಸಲಿಟ್ಟರು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ, ಪಣಕ್ಕೆ ಮಿತಿಯಿರುವ ಇಬ್ಬರ ಹೋಲ್ಡೆಮ್ ಆಟವನ್ನು ಕಂಪ್ಯೂಟರಿನಿಂದ ಬಹುತೇಕ ಪೂರ್ತಿಯಾಗಿ ಬಿಡಿಸಿತು. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ವ್ಯವಸ್ಥೆ, ಪಣಕ್ಕೆ ಮಿತಿಯಿಲ್ಲದ ಆಟದಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈಗಳನ್ನು ಆಡಿ ಗೆದ್ದಿತು. ಇಂಥ ಯಂತ್ರಗಳಿಗೆ ಹುಸಿಯಾಡಲು ಯಾರೂ ಹೇಳಿಕೊಟ್ಟಿರಲಿಲ್ಲ. ಅವು ತಮ್ಮೊಡನೆ ತಾವೇ ಲೆಕ್ಕವಿಲ್ಲದಷ್ಟು ಸಲ ಆಡಿ, ಬಿಟ್ಟುಕೊಟ್ಟ ನಡೆಯನ್ನು ಆಡಿದ್ದರೆ ಎಷ್ಟು ಹೆಚ್ಚು ಸಿಗುತ್ತಿತ್ತು ಎಂಬುದನ್ನು ಪ್ರತಿ ಸಲವೂ ಕೂಡಿಸಿಟ್ಟು, ಆ ಮೊತ್ತ ಹೆಚ್ಚಿರುವ ನಡೆಯ ಕಡೆಗೆ ನಿಧಾನವಾಗಿ ವಾಲುತ್ತಾ ಹೋದವು. ಮುಖವೂ ಗುಂಡಿಗೆಯೂ ಇಲ್ಲದ ಯಂತ್ರ ಈ ದಾರಿಯಲ್ಲಿ ನಡೆದು ಹುಸಿಪಣವನ್ನು ತಾನಾಗಿಯೇ ಕಂಡುಕೊಂಡಿತು ಎಂಬುದು, ಅದು ಕೆಚ್ಚಿನ ವಿಷಯವಲ್ಲ, ಪ್ರಮಾಣದ ವಿಷಯ ಎಂಬುದಕ್ಕೆ ದೊಡ್ಡ ಪುರಾವೆ.

ಕೌಶಲ ಕಾಣಿಸುವಷ್ಟು ದೂರ

ಇಷ್ಟು ಕೌಶಲವಿರುವ ಆಟ ಜೂಜೋ ಅಲ್ಲವೋ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಮತ್ತೆ ಮತ್ತೆ ಬಂದಿದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಈ ವಾದದಲ್ಲಿ ಗಣಿತ ಹೇಳಬಹುದಾದ ಮಾತೊಂದಿದೆ: ಕೌಶಲ ಇರುವುದು ಬೇರೆ, ಅದು ಕಾಣಿಸಿಕೊಳ್ಳುವುದು ಬೇರೆ.

ಇದನ್ನು ಹಣವಿಲ್ಲದೆಯೇ ಪರೀಕ್ಷಿಸಬಹುದು. ಕಟ್ಟಿನಿಂದ ರಾಜ, ರಾಣಿ, ಗುಲಾಮರನ್ನು ತೆಗೆದು, ರೂಪಾಯಿಯ ಬದಲು ಹುಣಸೆಬೀಜ ಇಟ್ಟು ಇಬ್ಬರು ಮಕ್ಕಳು ಕೂನ್ ಅವರ ಆಟವನ್ನು ಆಡಬಹುದು. ಮೂರಕ್ಕೊಂದು ಸಲ ಹುಸಿಯಾಡಬೇಕಾದಾಗ ಆರು ಮುಖದ ದಾಳವನ್ನೋ ಚೀಟಿಯನ್ನೋ ಕೇಳಿ ನಿರ್ಧರಿಸಬಹುದು, ಏಕೆಂದರೆ ಮನಸ್ಸಿನಿಂದ ಆಯ್ದದ್ದರಲ್ಲಿ ಎದುರಾಳಿ ಹಿಡಿಯಬಲ್ಲ ಜಾಡು ಉಳಿದುಬಿಡುತ್ತದೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲು ಆಡುವವನು 18 ಸುತ್ತಿನಲ್ಲಿ ಸರಾಸರಿ ಒಂದೇ ಬೀಜ ಕಳೆದುಕೊಳ್ಳಬೇಕು, ಆದರೆ ಅಷ್ಟು ಸುತ್ತುಗಳಲ್ಲಿ ಅದೃಷ್ಟದ ಏರಿಳಿತವೇ ಐದಾರು ಬೀಜಗಳಷ್ಟಿರುವುದರಿಂದ ಅವನು ಗೆದ್ದು ಏಳುವುದೂ ಸಾಮಾನ್ಯ. 1,800 ಸುತ್ತು ಆಡಿದಾಗ ನಷ್ಟ ನೂರು ಬೀಜಗಳ ಆಸುಪಾಸಿಗೆ ಬಂದು, ಏರಿಳಿತ ಐವತ್ತರ ಸುಮಾರಿನಲ್ಲೇ ಉಳಿಯುವುದರಿಂದ, ಮೊದಲ ಜಾಗದ ಅನನುಕೂಲ ಕಣ್ಣಿಗೆ ಕಾಣತೊಡಗುತ್ತದೆ. ಸಾವಿರಾರು ಸುತ್ತುಗಳಲ್ಲಿ ಮಾತ್ರ ಗೋಚರಿಸುವ ಸತ್ಯವನ್ನು ವರ್ಷತೊಡಕಿನ ಒಂದು ರಾತ್ರಿಯ ಸೋಲು ಗೆಲುವಿನಲ್ಲಿ ಓದಲು ಹೋಗುವವನು, ತನ್ನ ಅದೃಷ್ಟವನ್ನೇ ಜಾಣತನವೆಂದು ಭ್ರಮಿಸಿ, ಮಾರನೆಯ ದಿನವೂ ಕಟ್ಟೆಯ ಕಡೆಗೆ ಹೊರಡುತ್ತಾನೆ.

ಐದು ಜನ ತಲಾ 500 ರೂಪಾಯಿ ತಂದು ಕೂತರೆ ಏಳುವಾಗಲೂ ಅಲ್ಲಿರುವುದು 2,500 ರೂಪಾಯಿಯೇ. ಯಾವ ಹುಸಿಪಣವೂ ಅದಕ್ಕೆ ಒಂದು ರೂಪಾಯಿಯನ್ನು ಕೂಡಿಸಲಾರದು, ಮತ್ತು ಆಡಿಸುವವನೊಬ್ಬ ನಡುವೆ ಪಾಲು ತೆಗೆದುಕೊಂಡರೆ ಉಳಿಯುವುದು ಅದಕ್ಕಿಂತಲೂ ಕಡಿಮೆ. ಹುಣಸೆಬೀಜದ ಆಟದಲ್ಲಿ ಮಾತ್ರ ಸೋತವನೂ ಬರಿಗೈಯಲ್ಲಿ ಏಳುವುದಿಲ್ಲ: ಮೂರು ನಿಜಗಳು ಬೆನ್ನಿಗಿದ್ದರೆ ಮಾತ್ರ ಒಂದು ಹುಸಿಗೆ ಬೆಲೆ ಎಂಬ ಲೆಕ್ಕ ಗೆದ್ದವನಿಗೂ ಸೋತವನಿಗೂ ಸಮನಾಗಿ ದಕ್ಕುತ್ತದೆ.